ಮುರಿಗೆವ್ವನ ತಂಬಾಕಿನ ಹೂವು

ಹೂಗಿಡದ ನಾಲ್ಕನೆಯ ಕುಂಡವನ್ನು ಎದೆಗವಚಿಕೊಂಡು ಕುಬೇರಪ್ಪ ಹಿತ್ತಿಲಿನಿಂದ ಕಾಳಿನ ಕೋಣೆಗೆ ನುಗ್ಗಿದಾಗ, ನಡುಮನೆಯಲ್ಲಿ ಅವನ ಹೆಂಡತಿ ಮುರಿಗೆವ್ವನನ್ನು ಗೋಡೆಗೆ ಒರಗಿಸಿ ಕೂರಿಸಿ ಹಣೆಗೆ ವಿಭೂತಿ ಹಚ್ಚುತ್ತಿದ್ದರು. ಬೆಳಗಿನ ಜಾವ ಅವಳ ಪ್ರಾಣ ಹೋಗಿತ್ತು. ಈಗ ಹನ್ನೊಂದು ದಾಟಿತ್ತು.

"ಏನ್ ನಡಸೀರಿ ಮಾವಾ ಇದು?" ಮುರಿಗೆವ್ವನ ತಮ್ಮ ಶಂಭುಲಿಂಗ ಬಾಗಿಲಿಗೆ ಅಡ್ಡ ನಿಂತ. "ಮೂರಕ್ಕ ಟ್ರ್ಯಾಕ್ಟರ್ ಬರತೈತಿ. ಗಬ್ಬೂರ ಹೊಲದಾಗ ಕುಣಿ ತೋಡಾಕತ್ತಾರ. ಹೊತ್ತು ಮುಳುಗೂದ್ರಾಗ ಮಣ್ಣು ಮಾಡಬೇಕು."

"ಮಾಡೂಣು. ಮದ್ಲ ಇವು ಅರಳಲಿ. ಅಕಿ ಜೋಡಿ ಹೋಗಬೇಕು ಇವು."

"ಅವು ಸಂಜಿಗೆ ಅರಳೂ ಹೂವ್ರೀ!"

"ಅದಕ್ಕ ಒಳಗ ಸಂಜಿ ಮಾಡಾಕತ್ತೇನಿ."

ಕುಬೇರಪ್ಪ ಕಿಟಕಿ ಮುಚ್ಚಿದ, ಸಂದಿಗಳಿಗೆ ಗೋಣಿಚೀಲ ತುರುಕಿದ. ನಲವತ್ತು ವರ್ಷ ಮೆಣಸಿನಕಾಯಿ ವ್ಯಾಪಾರ ಮಾಡಿದ ಈ ಮನುಷ್ಯ ಒಂದು ಗಿಡಕ್ಕೆ ಒಂದು ತಂಬಿಗೆ ನೀರು ಹಾಕಿದ್ದನ್ನು ಕಂಡವರಿರಲಿಲ್ಲ. ದುಃಖ ತಲೆಗೇರಿದೆ ಎಂದು ಬಂದವರು ಪಿಸುಗುಟ್ಟಿದರು.

"ತಲಿ ಕೆಟ್ಟಿಲ್ರಿ ಅವರದು," ಎಂದಳು ಪಕ್ಕದ ಮನೆಯ ರಾಜಬಿ. "ಮೋಡ ಮುಸುಕಿದ ದಿನ ಅವು ಮಧ್ಯಾಹ್ನಕ್ಕನ ಅರಳತಾವ. ಸಂಜಿ ಆತು ಅಂತ ತಿಳಕೋತಾವ, ಪಾಪ."

ಅವು ಅರಳುವುದನ್ನು ನೋಡಲು ಏಳು ವರ್ಷ ಮುರಿಗೆವ್ವ ಅವನನ್ನು ಕರೆದಿದ್ದಳು. ಏಳು ವರ್ಷ ಅವನು ನಾಳೆ ನಾಳೆ ಎಂದಿದ್ದ. ಇವತ್ತು ಆ ಹೂವಿಲ್ಲದೆ ಅವಳನ್ನು ಕಳಿಸಿಬಿಟ್ಟರೆ ತನ್ನ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು.

*

ತೊಂಬತ್ತಾರರಲ್ಲಿ ರಾಜಬಿ ತಂಬಾಕಿನ ಹೂವಿನ ಬೀಜದ ಎರಡು ಪೊಟ್ಟಣ ತಂದಿದ್ದಳು. ಅವಳ ಅಣ್ಣ ಸಾಹೇಬರೊಬ್ಬರ ಬಂಗಲೆಯಲ್ಲಿ ಮಾಲಿ. ಒಂದರಲ್ಲಿ ಗಿಡ್ಡ ಜಾತಿ, ಕೆಂಪು ಹೂವು. ಹಗಲೆಲ್ಲ ಅರಳಿರುತ್ತದೆ, ವಾಸನೆಯಿಲ್ಲ. ಇನ್ನೊಂದು ಎದೆಯೆತ್ತರದ ಬಿಳಿ. ಹಗಲು ಜೋಲುಮುಖ, ಸಂಜೆಗೆ ಘಮ.

"ಕೆಂಪು ಹಚ್ಚು. ನಾಕು ಮಂದಿ ನೋಡತಾರ," ಎಂದ ಕುಬೇರಪ್ಪ.

"ಹಗಲ ನನಗರ ಎಲ್ಲಿ ಪುರಸೊತ್ತೈತ್ರಿ? ನಾ ಕುಂದ್ರೂದ ಸಂಜಿಗೆ. ಅವೂ ಆವಾಗನ ಏಳಲಿ." ಬಿಳಿಯದೇ ಆಯಿತು.

ಕೊತ್ತಂಬರಿ ಬಿತ್ತಿದ ಹಾಗೆ ಮೇಲೆ ಮಣ್ಣು ಮುಚ್ಚಿದಳು, ಒಂದೂ ಹುಟ್ಟಲಿಲ್ಲ. ಉಳಿದರ್ಧ ಬೀಜ ಕಾಗದದಲ್ಲಿ ಕಿಟಕಿಯ ಮೇಲಿತ್ತು. ಕಂದು ಬಣ್ಣದ ಹಿಟ್ಟಿನಂಥ ಬೀಜ. ಊರಿಂದ ಬಂದ ಶಂಭುಲಿಂಗ ಅದನ್ನು ನಶ್ಯವೆಂದು ತಿಳಿದು ದೊಡ್ಡದೊಂದು ಚಿಟಿಕೆ ಮೂಗಿಗೇರಿಸಿ, ಸೀನಿಗಾಗಿ ಬಹಳ ಹೊತ್ತು ಕಾದು, "ಅಕ್ಕಾ, ನಿಮ್ಮ ಹುಬ್ಬಳ್ಳಿ ನಶ್ಯ ಭಾಳ ಸಪ್ಪಗೈತಿ," ಎಂದ. ಮುರಿಗೆವ್ವ ಬಿದ್ದು ಬಿದ್ದು ನಕ್ಕಳು. ಮಿಕ್ಕ ಬೀಜವನ್ನು ರಾಜಬಿ ಹೇಳಿದಂತೆ ಮಣ್ಣಿನ ಮೇಲೆ ಬರೀ ಉದುರಿಸಿ, ಕೈಯಿಂದ ನೀರು ಚಿಮುಕಿಸಿದಳು. ಹತ್ತು ದಿನಕ್ಕೆ ಹಸಿರು ಚುಕ್ಕೆ ಎದ್ದವು.

ಆ ಹೂವು ಬಿಡುವುದೂ ಮೆಣಸಿನಕಾಯಿ ಪೇಟೆ ಏರುವುದೂ ಒಂದೇ ಕಾಲಕ್ಕೆ. "ಒಂದಿನ ಲಗೂ ಬರ್ರಿ, ಅರಳೂದು ನೋಡೂಣು," ಎಂದು ಅವಳು ಪ್ರತಿ ವರ್ಷ ಕರೆಯುತ್ತಿದ್ದಳು. ಅವನು ಬರುವಾಗ ಮೂಗಿನ ತುಂಬ ಖಾರದ ಧೂಳು. "ಘಮ್ ಅಂತಾವಲ್ರಿ?" ಎಂದರೆ "ಹೂಂ" ಎಂದು ಸುಳ್ಳು ಹೇಳಿ ತಾಟಿನ ಮುಂದೆ ಕೂರುತ್ತಿದ್ದ.

*

ಕತ್ತಲ ಕೋಣೆಯಲ್ಲಿ ಜೋಳದ ಚೀಲದ ಮೇಲೆ ಕುಳಿತ ಕುಬೇರಪ್ಪನಿಗೆ ಹೊತ್ತು ತಿಳಿಯಲಿಲ್ಲ. ಹೊರಗಿನ ಭಜನೆ ಬಾವಿಯ ಆಳದಿಂದ ಬಂದಂತೆ ಕೇಳುತ್ತಿತ್ತು. ಎದುರಿನ ಚೀಲದ ಮೇಲೆ ಮುರಿಗೆವ್ವ ಕುಳಿತು, ಆ ಗಿಡದ ಎಲೆಯ ಅಂಟು ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಾಳೆ ಅನ್ನಿಸಿತು. "ಬಂದ್ಯಾ? ಕುಂದ್ರು," ಎಂದ.

ಕತ್ತಲಲ್ಲಿ ಬಿಳಿಯದೇನೋ ಅಲುಗಿತು. ಒಂದು ಹೂವು ಬಾಯಿ ಬಿಟ್ಟಿತ್ತು. ಆಮೇಲೆ ಇನ್ನೊಂದು. ಅವಳ ಕಾಯಿಲೆಯಲ್ಲಿ ತಿಂಗಳಿಂದ ಅಂಗಡಿ ಕಡೆ ಹೋಗದ ಅವನ ಮೂಗು ಸ್ವಚ್ಛವಾಗಿತ್ತು. ಘಮ ಬಂದಾಗ ಅವನು ಗಟ್ಟಿಯಾಗಿ ಅತ್ತುಬಿಟ್ಟ.

"ಅಪ್ಪಾ, ಅಯ್ಯನೋರು ಬಂದಾರ," ಎನ್ನುತ್ತ ಮಗಳು ನಾಗರತ್ನಾ ಬಾಗಿಲು ತೆರೆದವಳು ಹಾಗೇ ನಿಂತಳು. ಘಮ ನಡುಮನೆಗೆ ಹರಿಯಿತು. ಭಜನೆಯವರು ಒಂದು ಸಾಲು ತಪ್ಪಿದರು.

"ಯಾವ ಹೂವವ್ವಾ ಅದು?" ಎಂದರು ಅಯ್ಯನವರು.

"ತಂಬಾಕಿನದ್ರಿ!" ಶಂಭುಲಿಂಗ ಮುಂದೆ ಬಂದ. ನಶ್ಯದ ಡಬ್ಬಿ ಅವನ ಕಿಸೆಯಲ್ಲೇ ಇತ್ತು. "ಲಿಂಗದ ಮ್ಯಾಲ ತಂಬಾಕ ಏರಸ್ತಾರೇನ್ರಿ?"

ಅಯ್ಯನವರು ಕುಬೇರಪ್ಪನ ಒದ್ದೆ ಮುಖ ನೋಡಿದರು. "ಲಿಂಗಕ್ಕ ಬ್ಯಾಡ. ಮುತ್ತೈದಿ ಹೊಂಟಾಳ, ಉಡಿ ತುಂಬ್ರಿ."

ಅಪ್ಪ ಮಗಳು ಹೂವು ಬಿಡಿಸಿ ಮುರಿಗೆವ್ವನ ಸೆರಗಿನ ಉಡಿಗೆ, ಅಕ್ಕಿ ಕೊಬ್ಬರಿಯ ಮೇಲೆ ತುಂಬಿದರು.

ಟ್ರ್ಯಾಕ್ಟರಿನ ಮೇಲೆ ಕೂರಿಸಿದ್ದೇ ತಡ, ಬಿಸಿಲು ಬಡಿದು ಎಸಳುಗಳು ಒಳಕ್ಕೆ ಸುರುಟತೊಡಗಿದವು. "ಛತ್ರಿ ಕೊಡ್ರಿ ಯಾರರ!" ಎಂದು ಕುಬೇರಪ್ಪ ಟ್ರೇಲರ್ ಹತ್ತಿದ. ಅಂತೂ ಯಾರೋ ಒಂದು ಕರಿ ಛತ್ರಿ ಕೊಟ್ಟರು.

"ಬೀಳತೀರಿ ಮಾವಾ, ಕುಂದ್ರರಿ."

ಅವನು ಕೂರಲಿಲ್ಲ. ಬೈಪಾಸಿನ ಗಾಳಿಗೆ ಛತ್ರಿ ಹೊಯ್ದಾಡಿತು. ಕಡೆಗೆ ಶಂಭುಲಿಂಗನೇ ಮೇಲೆ ಹತ್ತಿ, ಗಬ್ಬೂರು ಮುಟ್ಟುವವರೆಗೂ ಅವನ ಸೊಂಟ ಹಿಡಿದು ನಿಂತ.

ಕುಣಿಯ ಬಾಯಿಗಿಂತ ಛತ್ರಿ ಅಗಲವಿತ್ತು. ಮುರಿಗೆವ್ವನನ್ನು ಕೆಳಗೆ ಕೂರಿಸಿದ ಮೇಲೆ ಕುಬೇರಪ್ಪ ಅದನ್ನು ಮಡಚಿ, ಮೊಣಕಾಲೂರಿ ಬಗ್ಗಿ ನೋಡಿದ. ಮೇಲೆ ಇನ್ನೂ ಸುಡುಬಿಸಿಲು. ಕೆಳಗಿನ ನೆರಳಿನಲ್ಲಿ, ಅವಳ ಉಡಿಯಲ್ಲಿ, ಸುರುಟಿದ ಹೂವುಗಳು ಒಂದೊಂದಾಗಿ ಮತ್ತೆ ಬಿಚ್ಚಿಕೊಳ್ಳುತ್ತಿದ್ದವು. ಸಲಿಕೆ ಹಿಡಿದವರು ಕಾಯುತ್ತ ನಿಂತರು.