ಕಣಜದ ಸ್ವಿಚ್ಚು

ವರ್ನಾ ಬಿಸಿನೀರಿನಿಂದ ತೆಗೆದ ಟೊಮೆಟೊಗಳ ಸಿಪ್ಪೆ ಸುಲಿದು ಜಾಡಿಗಳಿಗೆ ತುಂಬುತ್ತಿದ್ದಾಗ ಅಂಗಳದ ಜಲ್ಲಿಯ ಮೇಲೆ ಕಾರಿನ ಸದ್ದಾಯಿತು. ಬಂದವನು ಕೌಂಟಿಯ ಕರೋನರ್ ಮರ್ಲ್ ಹ್ಯಾಡ್ಲಿ. ಯಾರೇ ಅಕಾಲದಲ್ಲಿ ಸತ್ತರೂ ಹೇಗೆ ಸತ್ತರೆಂದು ತೀರ್ಮಾನಿಸುವವನು ಅವನೇ, ಹೆಣಕ್ಕೆ ಕೋಟು ತೊಡಿಸಿ ಮಣ್ಣಿಗೆ ಕಳಿಸುವವನೂ ಅವನೇ. ಜನರ ಓಟಿನಿಂದ ಬಂದ ಹುದ್ದೆ. ಚುನಾವಣೆ ಹತ್ತಿರವಾಗಿದ್ದರಿಂದ ಕಂಕುಳಲ್ಲಿ ತನ್ನದೇ ಹೆಸರಿನ ಪ್ರಚಾರ ಫಲಕ ಹಿಡಿದಿದ್ದ.

"ಏನೇ, ಊರಿಗೆಲ್ಲ ಆಗೋವಷ್ಟು ತುಂಬ್ತಿದೀಯಲ್ಲ! ಇದನ್ನ ಹೋದ್ಸಲದ ಜಾಗದಲ್ಲೇ ನೆಡ್ಲಾ?"

"ಮೊದ್ಲು ಒಳಗೆ ಬಾ."

ಇಬ್ಬರೂ ಒಂದೇ ಶಾಲೆಯಲ್ಲಿ ಕಲಿತವರು. ಕಳೆದ ಚಳಿಗಾಲದಲ್ಲಿ ಅವಳ ಗಂಡ ಆರಿನ್ ಸಹಕಾರ ಸಂಘದ ಜೋಳದ ಕಣಜದಲ್ಲಿ ಸತ್ತಾಗ ಮರ್ಲ್ ಬಂದು, ಅವಳ ಕೈ ಹಿಡಿದು ಹೇಳಿದ್ದ: "ಎದೆ ನಿಂತ್ಹೋಯ್ತು ಕಣೇ. ಬೀಳೋಕ್ಮುಂಚೇನೇ ಪ್ರಾಣ ಹೋಗಿತ್ತು. ಅವನಿಗೇನೂ ಗೊತ್ತಾಗ್ಲಿಲ್ಲ." ಅಂದಿನಿಂದ ಆ ಮಾತನ್ನೇ ತಲೆದಿಂಬು ಮಾಡಿಕೊಂಡು ಅವಳು ಮಲಗುತ್ತಿದ್ದಳು.

"ನಿನ್ನೆ ಡ್ವೇನ್ ಬಂದಿದ್ದ," ಎಂದಳು ಕೈ ಒರೆಸಿಕೊಳ್ಳುತ್ತಾ. "ಆರಿನ್ ಜೊತೆ ಕೆಲಸಕ್ಕಿದ್ನಲ್ಲ, ಅವನು. ಕುಡಿದಿರ್ಲಿಲ್ಲ. ನಮ್ಮನೆಯವ್ರು ಒಳಗಿದ್ದಾಗ ತಳದಿಂದ ಕಾಳು ಎಳೆಯೋ ಯಂತ್ರ ಓಡ್ತಿತ್ತಂತೆ. ಅದನ್ನ ನಿಲ್ಸೋ ಸ್ವಿಚ್ಚು ಕೆಟ್ಟು ಎಷ್ಟೋ ದಿನ ಆಗಿತ್ತಂತೆ. ಸೊಂಟದವರ್ಗೂ ಹೂತ್ಕೊಂಡು ಕೂಗಿದ್ರಂತೆ. ನಿಂಗೆ ಆವತ್ತೇ ಎಲ್ಲಾ ತೋರಿಸಿದ್ನಂತೆ."

ಮರ್ಲ್ ಕುರ್ಚಿಯಲ್ಲಿ ಕುಳಿತ. ಫಲಕವನ್ನು ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡ.

"ಬಾಯೊಳಗೆ ಜೋಳ ಇತ್ತಾ, ಮರ್ಲ್?"

"ನೀನು ನೋಡೋಕ್ಮುಂಚೆ ತೆಗೆದೆ."

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅವಳು ಉರಿ ಆರಿಸಿದಳು.

"ನಿಜ ಬರೆದಿದ್ರೆ ಸಂಘದ ಬಾಗಿಲು ಹಾಕಿಸ್ತಿದ್ರು ಕಣೇ. ಅರ್ಧ ಊರಿನ ಹೊಟ್ಟೆ ಅದು. ನಿನ್ನ ಮನಸ್ಸಿಗೂ ಸಮಾಧಾನ ಆಗ್ಲಿ ಅಂತ…"

"ನನ್ನನ್ನ ಕೊನೇಲಿ ಸೇರಿಸ್ಕೊಂಡ್ಯಲ್ಲ, ದೊಡ್ಡ ಉಪಕಾರ. ಆ ಸ್ವಿಚ್ಚು ಈಗ ಸರಿಯಾಗಿದ್ಯಾ?"

ಮರ್ಲ್ ಜಾಡಿಗಳ ಕಡೆ ನೋಡಿದ. "ಹೇಳಿದೀನಿ ಅವರಿಗೆ."

"ಹೇಳಿದೀಯ. ಡ್ವೇನ್ ಇವತ್ತೂ ಆ ಕಣಜಕ್ಕೇ ಇಳಿದಿದಾನೆ."

ಅವನು ಎದ್ದ. ಬಾಗಿಲ ಬಳಿ ತಿರುಗಿ, "ಆವತ್ತು ನಾನೂ ಅತ್ತಿದ್ದೆ, ವರ್ನಾ," ಎಂದ.

"ನಂಗೊತ್ತು. ಅದಕ್ಕೇ ನಂಬಿದ್ದು."

ಕಾರು ಹೋದ ಮೇಲೆ ಅವಳು ಬೀರುವಿನ ಬಟ್ಟೆಗಳ ಕೆಳಗಿನಿಂದ ಒಂದು ಲಕೋಟೆ ತೆಗೆದಳು. ಸಾವಿನ ಮರುವಿಚಾರಣೆ ಆಗಲೆಂದು ನಾದಿನಿ ಹಟ ಹಿಡಿದಾಗ, ಕೆಲಸಗಾರರ ರಕ್ಷಣೆಯ ಕಚೇರಿಗೆ ವಸಂತದಲ್ಲೇ ಬರೆದಿದ್ದ ಪತ್ರ. ಕಳಿಸಿದರೆ ಮರ್ಲ್‌ನ ಮಾತನ್ನು ಅನುಮಾನಿಸಿದಂತಾಗುತ್ತದೆ ಎಂದು ಹಾಗೆಯೇ ಇಟ್ಟುಬಿಟ್ಟಿದ್ದಳು. ಈಗ ಕೊನೆಯಲ್ಲಿ ಒಂದು ಸಾಲು ಸೇರಿಸಿದಳು: ಸ್ವಿಚ್ಚು ಇನ್ನೂ ಕೆಟ್ಟೇ ಇದೆ, ಬೇಗ ಬನ್ನಿ.

ರಸ್ತೆಬದಿಯಲ್ಲಿದ್ದ ತನ್ನ ಮನೆಯ ಅಂಚೆಪೆಟ್ಟಿಗೆಗೆ ಪತ್ರ ಹಾಕಿ, ಒಯ್ಯಬೇಕಾದ ಪತ್ರವಿದೆಯೆಂದು ತಿಳಿಸುವ ಅದರ ಕೆಂಪು ಬಾವುಟ ಎತ್ತಿ ನಿಲ್ಲಿಸಿ, ಅಲ್ಲೇ ಬಿಸಿಲಲ್ಲಿ ಕಾದಳು. ಅಂಚೆಯವಳು ಕಾರಿನ ಕಿಟಕಿಯಿಂದಲೇ ಕೈಚಾಚಿ ಪತ್ರ ತೆಗೆದುಕೊಂಡಳು.

"ಇದಕ್ಕೋಸ್ಕರ ನಿಂತ್ಕೊಂಡಿದ್ರಾ, ವರ್ನಕ್ಕ?"

"ಹೂಂ."

ಬಾವುಟ ಕೆಳಗಿಳಿಯಿತು. ಕಾರೆಬ್ಬಿಸಿದ ಧೂಳು ಎರಡೂ ಬದಿಯ ಜೋಳದ ಗರಿಗಳ ಮೇಲೆ ನಿಧಾನವಾಗಿ ಕೂತಿತು.