ಬಾಯಿ ಮುಟ್ಟಿಸಿದ್ದಷ್ಟೇ

ಬೇಸಿಗೆಯಲ್ಲಿ ಕುದುರೆ ಮೇಯಿಸುವ ಬೆಟ್ಟದ ಹುಲ್ಲುಗಾವಲಿಗೆ ನಮ್ಮ ಕಿರ್ಗಿಜರು ಜೈಲೂ ಎನ್ನುತ್ತಾರೆ. ಸಗಿಂದಿಕ್ ಜೈಲೂವಿನಿಂದ ಇಳಿದವನು ನೆಟ್ಟಗೆ ಜೈಲಿಗೆ ಹೋದ. ಒಂದು ದೀರ್ಘ ಹ್ರಸ್ವವಾದರೆ ಎಷ್ಟು ಇಳಿಜಾರು ನೋಡಿ.

ಅವನ ಹೆಂಡತಿ ಬುರುಲ್ ಬೇಸಿಗೆ ಪೂರ್ತಿ ಮೇಲೆಯೇ, ತನ್ನ ಅಪ್ಪನ ಕುದುರೆಗಳ ಜೊತೆ. ಇವನು ಕೆಳಗೆ ನಮ್ಮೂರು ಕೊಚ್ಕೋರಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ. ವಾರಕ್ಕೊಮ್ಮೆ ಹತ್ತಿ ಹೋಗುವನು, ಮನಸ್ಸಿಲ್ಲದೆ ಇಳಿದು ಬರುವನು. ಇಳಿಯುವಾಗ ದಾರಿಯ ಪ್ರತಿ ಡೇರೆಯಿಂದಲೂ ಕರೆ: "ಬಾಯಿ ಮುಟ್ಟಿಸಿ ಹೋಗೋ!" ಒಲ್ಲೆನೆಂದರೆ ಹೊಸ್ತಿಲಿಗೆ ಉಗಿದಂತೆ. ಒಂದು ಚೂರು ರೊಟ್ಟಿ ಮುರಿದು ಬಾಯಿಗಿಟ್ಟರೂ ಸಾಕು. ಇವನು ಬಾಯಿ ಮುಟ್ಟಿಸಿದ್ದು ಹುಳಿಬಂದ ಕುದುರೆ ಹಾಲಿನ ಬಟ್ಟಲಿಗೆ, ಕುಮಿಸ್‌ಗೆ. ಕೊನೆಯ ಡೇರೆಯಲ್ಲಿ ಯಾರದೋ ನಿಶ್ಚಿತಾರ್ಥ. ಅಲ್ಲಿ ವೋಡ್ಕಾ.

ಘಟ್ಟದ ಬುಡದಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ.

"ಏನೋ ಕುಡ್ದಿದ್ದು?"

"ಹಾಲು, ಅಣ್ಣ. ಕುದುರೆ ಹಾಲು."

"ಊದು." ಊದಿದ. ಯಂತ್ರ ಸಿಳ್ಳೆ ಹೊಡೆಯಿತು. "ನಿನ್ ಹಾಲಿಗೆ ಮುಂದೆ 'ಆಲ್ಕೋ' ಅಂತ ಇನಿಷಿಯಲ್ ಇದೆ ಕಣೋ. ಇಳಿ."

ಆ ರಾತ್ರಿ ಠಾಣೆಯ ಹಲಗೆಯ ಮೇಲೆ ಮಲಗಿದವನಿಗೆ ಅಂಗಿಯ ತೋಳಿನಲ್ಲಿ ಹೊಗೆಯ ವಾಸನೆ ಹತ್ತಿತು. ಕುಮಿಸ್ ತುಂಬುವ ಚರ್ಮದ ಚೀಲಕ್ಕೆ ಬುರುಲ್ ಹೊಗೆ ಹಾಕುತ್ತಾಳಲ್ಲ, ಆ ವಾಸನೆ. ಅವಳ ಜಡೆಯಲ್ಲೂ ಅದೇ. ಮೂಗನ್ನು ತೋಳಿನೊಳಗೆ ಹುದುಗಿಸಿಕೊಂಡೇ ಬೆಳಗು ಮಾಡಿದ. ಸಗಿಂದಿಕ್ ಎಂದರೆ 'ಹಂಬಲಿಸಿದೆವು' ಎಂದರ್ಥ. ಹಂಬಲಿಸಿ ಹೆತ್ತವರು ಮಗನಿಗೆ ಹೆಸರಿನ ಜೊತೆ ಕಸುಬನ್ನೂ ಕೊಟ್ಟಿದ್ದರು.

ಬಿಟ್ಟು ಕಳಿಸಿದರು. ಕಾರು, ಲೈಸೆನ್ಸು ಠಾಣೆಯಲ್ಲೇ ಉಳಿದವು. ಸೋಮವಾರ ವಿಚಾರಣೆ. ಮೊದಲ ಸಲ ಸಿಕ್ಕಿಬಿದ್ದವನು ಏನು ಮಾಡಬೇಕೆಂಬ ವಿಷಯದಲ್ಲಿ ನಮ್ಮೂರಿನ ಪ್ರತಿಯೊಬ್ಬನೂ ಪಂಡಿತ. ಗೆಳೆಯ ಎರ್ಮೆಕ್ ಅವರಿಗೆಲ್ಲ ಪೀಠಾಧಿಪತಿ.

"ವೋಡ್ಕಾ ಅನ್ನೋ ಪದಾನೇ ಎತ್ಬೇಡ. ಜಡ್ಜೂ ಕುಮಿಸ್ ಕುಡ್ದೇ ಬೆಳ್ದೋರು. ಕುದುರೆ ಹೆಸರು ಹೇಳು, ಕೇಸು ಕುದುರುತ್ತೆ."

"ಬುರುಲ್‌ಗೆ ಏನ್ ಹೇಳ್ಲಿ?"

ಎರ್ಮೆಕ್ ಚಹಾ ಊದಿದ. ಸಗಿಂದಿಕ್ ಯಂತ್ರಕ್ಕೆ ಊದಿದ್ದಕ್ಕಿಂತ ಹೆಚ್ಚು ಹೊತ್ತು ಊದಿದ. ಬುರುಲಳ ತಮ್ಮ ಕುಬಾತ್ ಸತ್ತದ್ದು ಅದೇ ಘಟ್ಟದಲ್ಲಿ, ಕುಡಿದು ಓಡಿಸುತ್ತಿದ್ದವನೊಬ್ಬನ ಲಾರಿಗೆ ಸಿಕ್ಕಿ. ನೀನೂ ಹಾಗೆ ಓಡಿಸಿದ ದಿನ ನನ್ನ ಡೇರೆಗೆ ಬರಬೇಡ ಎಂದು ಮದುವೆಗೆ ಮೊದಲೇ ಹೇಳಿದ್ದಳು.

"ಅವಳಿಗೂ ಹಾಲು ಅಂತಾನೇ ಹೇಳು," ಎಂದ ಎರ್ಮೆಕ್, ನೆಲ ನೋಡುತ್ತ.

ಬೆಟ್ಟದಲ್ಲಿ ಫೋನು ಮುಟ್ಟದಿದ್ದರೂ ಗಾಳಿಸುದ್ದಿ ಮುಟ್ಟುತ್ತದೆ. ಅದಕ್ಕಿಂತ ಮೊದಲು ತಾನು ಮುಟ್ಟಬೇಕೆಂದು ಸಗಿಂದಿಕ್ ಉಪ್ಪಿನ ಲಾರಿ ಹತ್ತಿ ಘಟ್ಟದವರೆಗೆ ಹೋದ, ಅಲ್ಲಿಂದ ನಡೆದ. ಡೇರೆಗಳು ಕರೆದವು. ಪ್ರತಿಯೊಂದರಲ್ಲೂ ರೊಟ್ಟಿಯ ಚೂರು ಮಾತ್ರ ಬಾಯಿಗಿಟ್ಟ.

"ಏನಪ್ಪಾ ಅಳಿಮಯ್ಯ, ಬಟ್ಟಲು ಕಚ್ಚುತ್ತಾ ಈಗ?" ಎಂದಳು ಒಬ್ಬ ಮುದುಕಿ. ಸುದ್ದಿ ಲಾರಿಗಿಂತ ಮೊದಲೇ ಹತ್ತಿಬಿಟ್ಟಿತ್ತು.

ಬುರುಲ್ ಹಾಲು ಕರೆಯುತ್ತಿದ್ದಳು. ಮರಿ ಪಕ್ಕದಲ್ಲಿ ನಿಂತು ಮೈ ತಾಗಿಸದಿದ್ದರೆ ಕುದುರೆ ಸೊರೆ ಬಿಡದು. ಸಗಿಂದಿಕ್‌ಗೆ ತಾನೂ ಹಾಗೆ ಹೋಗಿ ತಾಗಿ ನಿಲ್ಲಬೇಕೆನಿಸಿತು. ನಿಲ್ಲಲಿಲ್ಲ. ಬದಲಿಗೆ ಅಣಕ ಶುರುಮಾಡಿದ. ಪೊಲೀಸಿನವನ ಮೂಗುದನಿ, ಯಂತ್ರದ ಸಿಳ್ಳೆ, ಎರ್ಮೆಕ್‌ನ ಪೀಠೋಪದೇಶ. ಮರಿಯ ಕಿವಿ ನಿಮಿರಿತು. ಬೇರೆ ದಿನವಾಗಿದ್ದರೆ ಅವಳು ಹೊಟ್ಟೆ ಹಿಡಿದುಕೊಂಡು ನಗಬೇಕಿತ್ತು.

"ಪೊಲೀಸು ಮಾತಾಡ್ದ. ಎರ್ಮೆಕ್ ಮಾತಾಡ್ದ. ಮಿಷಿನ್ನೂ ಮಾತಾಡ್ತು," ಎಂದಳು ಕರೆಯುತ್ತಲೇ. "ನನ್ ಗಂಡ ಯಾವಾಗ ಮಾತಾಡ್ತಾನೆ?"

"ಬಾಯಿ ಮುಟ್ಟಿಸಿದ್ದಷ್ಟೇ, ಬುರುಲ್."

ಅವಳ ಕೈ ನಿಂತಿತು. "ಕುಬಾತ್‌ನ ಕೊಂದೋನೂ ಅದನ್ನೇ ಅಂದಿದ್ದ. ನಮ್ಮಮ್ಮನ ಮುಂದೆ ಮಂಡಿಯೂರಿ. ಇದೇ ಪದ."

ಊರಿನವರ ದನಿಯೆಲ್ಲ ಇದ್ದ ಗಂಟಲಿನಲ್ಲಿ ತನ್ನದೊಂದನ್ನು ಹುಡುಕಲು ಅವನಿಗೆ ಹೊತ್ತು ಹಿಡಿಯಿತು.

"ವೋಡ್ಕಾ ಕುಡ್ದೆ. ಇಲ್ಲೇ ಮಲಗು ಅಂದ್ರು. ಮಲಗ್ಲಿಲ್ಲ. ಓಡಿಸ್ದೆ."

"ಇದೇ ಗಂಟಲು ತಗೊಂಡು ಜಡ್ಜ್ ಮುಂದೆ ಹೋಗು."

"ಲೈಸೆನ್ಸ್ ಹೋಗುತ್ತೆ ಕಣೆ. ವರ್ಷಗಟ್ಟಲೆ. ನಿನ್ ಹತ್ರ ಬರೋದು ಹ್ಯಾಗೆ?"

"ಹೋಗು."

ಹೊರಟವರಿಗೆ 'ಹೋಗಿ ಬಾ' ಎನ್ನುವುದು ವಾಡಿಕೆ. ಆ 'ಬಾ'ಗಾಗಿ ಅವನು ಕಾದ. ಅವಳು ಹಾಲಿನ ಬಕೆಟ್ಟು ಎತ್ತಿ ಒಳಗೆ ಹೋದಳು. ಹೊರಗೆ ಬಂದಾಗ ಹೆಗಲ ಮೇಲೆ ಜೀನು ಇತ್ತು. ಹಗ್ಗಕ್ಕೆ ಕಟ್ಟಿದ್ದ ಕಂದು ಕುದುರೆಗೆ ಅದನ್ನು ಹಾಕಿ, ಪಟ್ಟಿ ಬಿಗಿದು, ಲಗಾಮನ್ನು ಅವನ ಕೈಗೆ ತುರುಕಿದಳು.

"ಅಪ್ಪನ ಕುದುರೆ. ಕೇಸು ಮುಗಿದ್ಮೇಲೆ ತಂದು ಇಲ್ಲೇ ಕಟ್ಬೇಕು."

"ಕಟ್ಟಿ?"

"ಕಟ್ಟು. ಆಮೇಲಿಂದು ಆಮೇಲೆ."

ಹತ್ತಿದ. ಕುದುರೆಗೆ ದಾರಿ ಗೊತ್ತಿತ್ತು, ನೇರ ನೋಡಿಕೊಂಡು ಇಳಿಯಿತು. ತಿರುಗಿ ತಿರುಗಿ ನೋಡುತ್ತಿದ್ದವನು ಸವಾರ.