ಫ್ಯಾನ್ ಗಾಳಿಗೆ ಹಾರಿದ ಹುಲ್ಲುಬೀಜ

ಗಣಿ ಮುಚ್ಚಿದ ಮೇಲೆ ಉಳಿದದ್ದು ಬೂದುಬಣ್ಣದ ಒಂದು ಮಣ್ಣುಗುಡ್ಡ. ಅಷ್ಟನ್ನೂ ಲಾರಿಯಲ್ಲಿ ತಂದು ಸುರಿದವನು ಬೀಜದಕ್ಕನ ಮೈದುನ. ಅದರ ಮೇಲೆ ಹಸಿರು ಹತ್ತಿಸುವ ಕೆಲಸ ಈಗ ಬೀಜದಕ್ಕನದು. ತಾನು ಸುರಿಯದಿದ್ದರೆ ಅತ್ತಿಗೆಗೆ ಕೆಲಸವೆಲ್ಲಿತ್ತು ಎಂದು ಅವನು ದಿನಕ್ಕೊಮ್ಮೆಯಾದರೂ ಉಪಕಾರ ಹೊರಿಸುತ್ತಿದ್ದ.

ಹಿಂದಿನ ವರ್ಷ ಗಣಿ ಆಫೀಸಿನ ಸಾಹೇಬರು ಬೇಗ ಬರುತ್ತದೆಂದು ಒಂದೇ ಜಾತಿಯ ಹುಲ್ಲು ಹಾಕಿಸಿದ್ದರು. ಎಂಟೇ ದಿನಕ್ಕೆ ಗುಡ್ಡದ ಮೇಲೆ ಹಸಿರು ಚಾಪೆ. ಮೊದಲ ಜೋರು ಮಳೆಗೆ ಚಾಪೆ ತಾನಾಗಿ ಸುತ್ತಿಕೊಂಡು ರಸ್ತೆಗಿಳಿಯಿತು. ಬೇರು ಬೆರಳುದ್ದವೂ ಇರಲಿಲ್ಲ. ಈ ಸಲ ಬೀಜದಕ್ಕ ಹಟ ಹಿಡಿದಳು: ಹತ್ತರಲ್ಲಿ ಆ ಹುಲ್ಲು ಒಂದು ಪಾಲು ಸಾಕು, ಮಣ್ಣಿಗೆ ಸತ್ವ ಕೊಡುವ ಕಾಳುಗಿಡ ಎರಡು ಪಾಲು, ಕುರುಚಲು ಗಿಡ ಒಂದು ಪಾಲು, ಉಳಿದದ್ದೆಲ್ಲ ಆಳಕ್ಕೆ ಬೇರಿಳಿಸುವ ಬೆಳ್ಳಿಹುಲ್ಲು. ಸಾಹೇಬರು ಒಂದು ಪಟ್ಟಿ ಜಾಗ ಬಿಟ್ಟುಕೊಟ್ಟರು. ಅಲ್ಲಿ ಹಿಡಿದರೆ ಇಡೀ ಗುಡ್ಡಕ್ಕೆ ಅವಳ ಮಿಶ್ರಣ. ಇಲ್ಲವಾದರೆ ಮತ್ತೆ ಚಾಪೆ.

ಬೆಳ್ಳಿಹುಲ್ಲಿನ ಬೀಜ ಕೊಳ್ಳಲು ಸಿಗುವುದಿಲ್ಲ. ಗಣಿ ಮುಟ್ಟದ ದಿಣ್ಣೆಯ ಮೇಲೆ ಬೀಜದಕ್ಕನೂ ಅವಳ ಅತ್ತೆಯೂ ಎರಡು ತಿಂಗಳು ತೆನೆ ಉಜ್ಜಿ ಉಜ್ಜಿ ಒಂದು ಚೀಲ ಮಾಡಿದ್ದರು. ಒಂದೊಂದು ಬೀಜಕ್ಕೂ ರೇಷ್ಮೆಯಂಥ ಬಾಲ, ಉಸಿರು ತಾಗಿದರೂ ಏಳುತ್ತದೆ. ಆದ್ದರಿಂದ ಬೆರೆಸುವ ದಿನ ಶೆಡ್ಡಿನಲ್ಲಿ ಜೋರಾಗಿ ಸೀನಲೂ ಅಪ್ಪಣೆಯಿರಲಿಲ್ಲ.

ಬೀಜದಕ್ಕ, ಅತ್ತೆ, ಮೈದುನ ಸೇರಿ ಚೀಲದ ಬಾಯಿ ಬಿಚ್ಚಿದ್ದಷ್ಟೇ, ಸಾಹೇಬರು ಬೆವರೊರೆಸುತ್ತ ಒಳಗೆ ಬಂದರು. ಯಾರಾದರೂ ಬಾಯಿ ತೆರೆಯುವ ಮೊದಲೇ ಅಭ್ಯಾಸಬಲದಿಂದ ಅವರ ಕೈ ಫ್ಯಾನಿನ ಗುಂಡಿ ಒತ್ತಿತು.

ಎರಡು ತಿಂಗಳ ದುಡಿಮೆ ಎದ್ದು, ಶೆಡ್ಡಿಗೆ ಮೂರು ಸುತ್ತು ಬಂದು, ಅರ್ಧ ಕಿಟಕಿಯಿಂದಾಚೆ ಹೋಯಿತು. ಉಳಿದರ್ಧ ನಾಲ್ವರ ಮೈಮೇಲೆ ಕೂತಿತು. ಒರಟು ಬಟ್ಟೆಯ ಅಂಗಿ ತೊಟ್ಟ ಮೈದುನ ಥೇಟ್ ಕುರಿಯಾದ. ಸಾಹೇಬರ ಕರಿಮೀಸೆ, ತಲೆ, ಹುಬ್ಬು ಎಲ್ಲ ಬೆಳ್ಳಗಾದವು.

ಬೀಜದಕ್ಕ ಬರಿದಾದ ಚೀಲ ನೋಡಿದಳು. ಆಗ ಅತ್ತೆ ಸಾಹೇಬರನ್ನು ಮೇಲಿಂದ ಕೆಳಗೆ ನೋಡಿ, ‘ಪಾಪ, ಒಂದೇ ಗಳಿಗೇಲಿ ನನ್ನಷ್ಟು ವಯಸ್ಸಾಗೋಯ್ತಲ್ಲಪ್ಪ ನಿನಗೆ’ ಎಂದಳು.

ಬೀಜದಕ್ಕನಿಗೆ ಬರಬೇಕಾಗಿದ್ದ ಅಳು ನಗುವಾಗಿ ಹೊರಬಿತ್ತು. ನಿಲ್ಲಿಸಲು ಹೋದಷ್ಟೂ ಹೆಚ್ಚಾಯಿತು. ಸಾಹೇಬರು ತಪ್ಪಾಯಿತೆನ್ನಲು ಬಾಯಿ ತೆರೆದರೆ ಅಲ್ಲಿಗೂ ಎರಡು ಬೀಜ ಹೋದವು. ಮೈದುನ ಅಂಗಿ ಕೊಡವಲು ಕೈಯೆತ್ತಿದ.

‘ಕೊಡವಬೇಡ’ ಎಂದಳು ಬೀಜದಕ್ಕ, ಹೊಟ್ಟೆ ಹಿಡಿದುಕೊಂಡೇ. ‘ಯಾರೂ ಕೊಡವಬೇಡಿ. ಹೀಗೇ ನಡೀರಿ ಗುಡ್ಡಕ್ಕೆ.’

ತುಂಬಿದ ಕೊಡ ಹೊತ್ತವರಂತೆ ನಾಲ್ವರೂ ಸದ್ದಿಲ್ಲದೆ ನಡೆದರು. ಮಿಶ್ರಣದ ಬೇರೆ ಬೀಜಗಳನ್ನು ಒದ್ದೆ ಮರಳಿನಲ್ಲಿ ಕಲಸಿ ಮೊದಲು ಎರಚಿದರು. ಆಮೇಲೆ ಬೀಜದಕ್ಕ ಪಟ್ಟಿಯ ನೆತ್ತಿಯಲ್ಲಿ ಅಡ್ಡ ಮಲಗಿ ಉರುಳಿಯೇಬಿಟ್ಟಳು. ಹಿಂದೆಯೇ ಮೈದುನ. ಸಾಹೇಬರು ಬೂಟು ಜೋಡಿಸಿಟ್ಟು, ಕನ್ನಡಕವನ್ನು ಅತ್ತೆಯ ಕೈಗೆ ಕೊಟ್ಟು, ಕಣ್ಣು ಮುಚ್ಚಿ ಉರುಳಿದರು. ಕನ್ನಡಕ ತಾನೇ ಹಾಕಿಕೊಂಡು ಅತ್ತೆ ಕೂತಲ್ಲಿಂದಲೇ ಜಾರಿದಳು. ಕೆಳಗೆ ಬಂದವರಿಗೆ ಭೂಮಿ ಗಿರಗಿರನೆ ತಿರುಗುತ್ತಿತ್ತು. ಸಾಹೇಬರು ಎದ್ದು ಗುಡ್ಡ ಹತ್ತಲು ಹೊರಟವರು ರಸ್ತೆಯ ಕಡೆ ನಡೆದರು, ಹಿಡಿದು ತಿರುಗಿಸಬೇಕಾಯಿತು. ಮೈ ಬರಿದಾಗುವವರೆಗೆ ಐದು ಸಲ ಉರುಳಿದರು. ಆ ಬೀಜಕ್ಕೆ ಬೇಕಾದ್ದೂ ಅಷ್ಟೇ. ಹೂಳಬಾರದು, ಮಣ್ಣಿಗೆ ಒತ್ತಿದರೆ ಸಾಕು.

ಮಳೆ ಬಿತ್ತು. ಬೇಗದ ಹುಲ್ಲು ಬಂತು, ಕಾಳುಗಿಡ ಬಂತು. ಬೆಳ್ಳಿಹುಲ್ಲಿನ ಸುಳಿವಿಲ್ಲ. ಬೀಜದಕ್ಕನಿಗೆ ಅನ್ನ ಸೇರದಾಯಿತು. ಇಪ್ಪತ್ತೆರಡನೆಯ ದಿನ ಕೂದಲಿನಂಥ ಎಸಳುಗಳು ಕಂಡವು, ಕುಡಿದವನು ಗೆರೆ ಎಳೆದಂತೆ ಸೊಟ್ಟಸೊಟ್ಟ ಸಾಲಿನಲ್ಲಿ.

ಮಳೆಗಾಲ ಕಳೆದ ಮೇಲೆ ಸಾಹೇಬರು ಪರೀಕ್ಷೆಗೆ ಬಂದರು. ಒಂದು ಬುಡ ಹಿಡಿದು ಕೀಳಲು ನೋಡಿದರು. ಬರಲಿಲ್ಲ. ಎರಡೂ ಕೈ ಹಾಕಿ, ಹಿಮ್ಮಡಿ ಊರಿ ಎಳೆದರು. ಹುಲ್ಲು ಕೈಯಿಂದ ಜಾರಿ, ಸಾಹೇಬರು ದೊಪ್ಪನೆ ಕೂತರು. ಕೂತಲ್ಲೇ ಕಾಗದ ತೆಗೆದರು.

‘ಇಡೀ ಗುಡ್ಡಕ್ಕೆ ಇದೇ ಇರಲಿ ಅಕ್ಕ’ ಎಂದರು. ‘ಆದ್ರೆ ಈ ಕಾಗದದಲ್ಲಿ ಬಿತ್ತೋ ವಿಧಾನ ಅಂತ ಕೇಳಿದ್ದಾರೆ. ಏನಂತ ಬರೀಲಿ?’

ಬೀಜದಕ್ಕ ನಗು ತಡೆಯಲಾರದೆ ಅವರ ಪಕ್ಕದಲ್ಲೇ ಕುಸಿದು ಕೂತಳು. ಅತ್ತೆ ಮಾತ್ರ ನಗದೆ ಗುಡ್ಡದ ಉದ್ದಗಲ ಅಳೆಯುತ್ತಿದ್ದಳು.

‘ನಿಮ್ಮ ಆಫೀಸಲ್ಲಿ ಒಟ್ಟು ಎಷ್ಟು ಜನ ಇದ್ದೀರಪ್ಪ?’ ಎಂದು ಕೇಳಿದಳು.